ಮಣ್ಣಿಗೆ ಬಂದವರು ಹೋದ ಮೇಲೆ

1956ರ ನವೆಂಬರ್ ಒಂದರವರೆಗೆ ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು. ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿಯ ಗೆರೆ ಸರಿದರೂ ಬೀಗತನ ಸರಿಯಲಿಲ್ಲ. ಕೊಡಂಗಲ್ಲಿನ ಹೆಣ್ಣುಮಕ್ಕಳನ್ನು ಇಂದಿಗೂ ಸೇಡಂ, ಗುರುಮಠಕಲ್ ಕಡೆ ಕೊಡುತ್ತಾರೆ. ಜಹೀರಾಬಾದಿನವರ ನೆಂಟಸ್ತಿಕೆ ಬೀದರ್, ಹುಮನಾಬಾದ್ ಕಡೆಗಿದೆ. ಹಾಗಾಗಿ ಊರಲ್ಲಿ ಯಾರಾದರೂ ತೀರಿಕೊಂಡರೆ ಎರಡೂ ರಾಜ್ಯಗಳಿಗೆ ಫೋನು ಹೋಗುತ್ತದೆ. ಮಧ್ಯಾಹ್ನದೊಳಗೆ ಜೀಪು, ಟಂಟಂ ಹತ್ತಿ ಜನ ಮಣ್ಣಿಗೆ ಬಂದು ಸೇರುತ್ತಾರೆ.

ಸಾವಿನ ದಿನ ಈ ಸೀಮೆಯಲ್ಲಿ ಯಾರೂ ಒಂಟಿಯಾಗಿರುವುದಿಲ್ಲ. ಪ್ರಶ್ನೆ ಇರುವುದು ಅದರ ಆಚೆ ಈಚೆ. ಮನೆಯ ಹಿರಿಯರು ಕ್ಯಾನ್ಸರಿನಿಂದಲೋ ಕಿಡ್ನಿ ಕಾಯಿಲೆಯಿಂದಲೋ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಾಗ ಆ ಮನೆಯವರ ಮನಸ್ಸಿಗೆ ಆಸರೆ ಯಾರು? ದಿನದ ಕಾರ್ಯ ಮುಗಿದು, ಬೀಗರು ಬುತ್ತಿ ಬಿಚ್ಚಿಟ್ಟು ಹೋದ ಮೇಲೆ, ಮೂರನೇ ತಿಂಗಳಲ್ಲಿ ಆ ಬಾಗಿಲಿಗೆ ಬರುವವರು ಯಾರು? ದುಃಖ ಮತ್ತು ಗಂಭೀರ ಕಾಯಿಲೆಯ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಜಗತ್ತು ಕಲಿತದ್ದನ್ನೂ, ಈ ನಾಲ್ಕು ತಾಲ್ಲೂಕುಗಳ ಜನ ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಒಂದು ವಿಷಯ ನಿಚ್ಚಳವಾಗಿ ಕಾಣುತ್ತದೆ. ಸಾವಿನ ಸುತ್ತಲ ಹತ್ತು ಹನ್ನೆರಡು ದಿನಗಳಿಗೆ ನಮ್ಮಲ್ಲಿ ಸಮೃದ್ಧ ಏರ್ಪಾಟಿದೆ. ಅದಕ್ಕೆ ಮೊದಲಿನ ತಿಂಗಳುಗಳಿಗೂ ನಂತರದ ತಿಂಗಳುಗಳಿಗೂ ಏರ್ಪಾಟು ಬಹಳ ತೆಳುವಾಗಿದೆ. ಸರ್ಕಾರ ಮಾಡಿರುವ ಅಷ್ಟಿಷ್ಟು ಏರ್ಪಾಟೂ ಕನ್ನಡದಲ್ಲಿ ಮಾತಾಡುವುದಿಲ್ಲ.

ಮೊದಲು ಇರುವುದನ್ನು ನೋಡೋಣ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ಬೀಗರು ಊಟ ತರುತ್ತಾರೆ. ಎರಡು ದಿನದಿಂದ ಅನ್ನ ಮುಟ್ಟದವಳ ಪಕ್ಕದಲ್ಲಿ ಅಕ್ಕನೋ ಅತ್ತಿಗೆಯೋ ಕೂತು, ತುತ್ತು ಮಾಡಿ ಬಾಯಿಗಿಟ್ಟು, "ಉಣ್ಣ ನಮ್ಮವ್ವ, ಮಕ್ಕಳ ಮಾರಿ ನೋಡು" ಎನ್ನುತ್ತಾಳೆ. ಆಘಾತಕ್ಕೆ ಒಳಗಾದವರಿಗೆ ಮೊದಲು ಬೇಕಾದದ್ದು ನೀರು, ಅನ್ನ, ನಿದ್ದೆ, ಸುರಕ್ಷಿತ ಜಾಗ, ಪಕ್ಕದಲ್ಲಿ ತಮ್ಮವರೊಬ್ಬರು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುತ್ತದೆ. ನಮ್ಮ ಓಣಿಗಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಹೆಂಗಸರು ಹಾಡಿಕೊಂಡು ಅಳುವುದನ್ನು ಪಟ್ಟಣದವರು ಈಗ ಮುಜುಗರದಿಂದ ನೋಡುತ್ತಾರೆ. ಆ ಅಳುವಿನ ಒಳಗೆ ಏನಿದೆ ಎಂದು ಕಿವಿಗೊಟ್ಟವರಿಗೆ ಗೊತ್ತು. ಸತ್ತವರು ಎಷ್ಟು ಕಷ್ಟಪಟ್ಟು ಹೊಲ ಮಾಡಿದರು, ಯಾವ ಮಗಳ ಮದುವೆ ಉಳಿಯಿತು, ಯಾರು ಕೊನೆಗೂ ಮುಖ ತೋರಿಸಲಿಲ್ಲ, ದವಾಖಾನೆಯಲ್ಲಿ ಎಷ್ಟು ನರಳಿದರು, ಎಲ್ಲವೂ ಆ ದನಿಯಲ್ಲಿ ಹೊರಬರುತ್ತದೆ. ಮನೆಯೊಳಗೆ ಆಡಲಾಗದ ಸಿಟ್ಟನ್ನು ಕೂಡ ಸೊಸೆಯೊಬ್ಬಳು ಅಲ್ಲಿ, ಎಲ್ಲರ ಎದುರು, ಯಾರೂ ಬಾಯಿ ಮುಚ್ಚಿಸದಂತೆ ಹೇಳಬಲ್ಲಳು. ಇವತ್ತಿನ ಆಪ್ತಸಮಾಲೋಚಕರು ಹಲವು ಬಾರಿ ಕೂರಿಸಿ ಕೇಳಿಸಿಕೊಳ್ಳುವ ಕಥನ ಅದು. ಲಿಂಗಾಯತರ ಮನೆಗಳಲ್ಲಿ ಶವವನ್ನು ಕೂರಿಸಿ, ವಿಭೂತಿ ಹಚ್ಚಿ, ರಾತ್ರಿಯಿಡೀ ಭಜನೆ ಮಾಡುತ್ತಾರೆ. ಏಕತಾರಿ, ತಾಳ, ದಮ್ಮಡಿಯ ಜೊತೆ ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಪರಂಪರೆಯ ಚನ್ನೂರ ಜಲಾಲಸಾಹೇಬರ ತತ್ವಪದಗಳು ನಡೆಯುತ್ತವೆ. ಮುಸ್ಲಿಮರ ಮನೆಗಳಲ್ಲಿ ಮೂರನೇ ದಿನದ ಜಿಯಾರತ್, ನಲವತ್ತನೇ ದಿನದ ಫಾತಿಹಾ ಇದೆ. ಮೊಹರಂ ಬಂದರೆ ಇಡೀ ಊರು ಜಾತಿಧರ್ಮ ನೋಡದೆ ಅಲಾಯಿ ಕುಣಿಯ ಸುತ್ತ ನೆರೆದು, ಕರ್ಬಲಾದಲ್ಲಾದ ಹುಸೇನರ ಸಾವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತದೆ. ಹದಿಮೂರು ಶತಮಾನಗಳ ಹಿಂದಿನ ಸಾವಿಗೆ ಅಳುವ ನೆಪದಲ್ಲಿ ಹೋದ ವರ್ಷ ಮಗನನ್ನು ಕಳೆದುಕೊಂಡವಳೂ ಅಳುತ್ತಾಳೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಇವೆಲ್ಲವನ್ನೂ ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಇದೇ ಆಚರಣೆಗಳ ನಡುವೆಯೇ ಗಂಡ ಸತ್ತವಳ ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ. ಜೀವನದ ಅತಿ ಕಠಿಣ ಗಳಿಗೆಯಲ್ಲಿ ಒಬ್ಬ ಹೆಣ್ಣಿಗೆ ಅವಳ ಓಣಿಯೇ ಕೊಡುವ ಎರಡನೇ ಪೆಟ್ಟು ಅದು, ಅದರಿಂದ ಯಾರ ದುಃಖವೂ ಶಮನವಾಗುವುದಿಲ್ಲ. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಕರೆದು ಈ ಪದ್ಧತಿಯನ್ನು ನಿಲ್ಲಿಸುವ ಠರಾವು ಮಾಡಿತು. ಅದರ ಬೆನ್ನಿಗೇ ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯತಿಗಳಿಗೂ ಹಾಗೇ ಮಾಡುವಂತೆ ಸೂಚಿಸಿತು. ನಮ್ಮ ಪಂಚಾಯತಿಗಳಿಗೂ ಇಂಥ ಠರಾವು ಮಾಡುವ ಅಧಿಕಾರವಿದೆ.

ಇನ್ನು ಶಾಸ್ತ್ರದ ಕಡೆ ಬರೋಣ. ದುಃಖದ ಬಗ್ಗೆ ಓದಿದವರೆಲ್ಲರೂ ಐದು ಹಂತಗಳ ಮಾತು ಕೇಳಿರುತ್ತಾರೆ: ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ. ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಇದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಆಮೇಲೆ ಅದನ್ನು ಉಳಿದವರ ದುಃಖಕ್ಕೂ ಅಂಟಿಸಲಾಯಿತು, ಮೆಟ್ಟಿಲು ಹತ್ತಿದಂತೆ ಎಲ್ಲರೂ ಒಂದಾದ ಮೇಲೊಂದು ದಾಟಬೇಕೆಂಬ ನಂಬಿಕೆ ಹಬ್ಬಿತು. ನಂತರದ ಸಂಶೋಧನೆ ಇದನ್ನು ಎತ್ತಿಹಿಡಿಯಲಿಲ್ಲ. ಇದರಿಂದಾಗಿರುವ ಹಾನಿ ಸಣ್ಣದಲ್ಲ. ಗಂಡ ಸತ್ತು ಹದಿನೈದು ದಿನಕ್ಕೆ ತೊಗರಿ ರಾಶಿಗೆ ಹೋದವಳನ್ನು "ಇನ್ನೂ ನಿರಾಕರಣೆಯಲ್ಲಿದ್ದಾಳೆ" ಎಂದು ಕಾಲೇಜು ಓದಿದ ತಮ್ಮ ವಿಶ್ಲೇಷಿಸುವುದನ್ನು ಕೇಳಿದ್ದೇನೆ. ಅವಳು ರಾಶಿಗೆ ಹೋದದ್ದು ರಾಶಿ ಮಾಡಲು.

ಅವಳ ನಡೆಯನ್ನು ಹೆಚ್ಚು ಸರಿಯಾಗಿ ವಿವರಿಸುವುದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು 1999ರಲ್ಲಿ ಮುಂದಿಟ್ಟ ವಿಚಾರ. ದುಃಖದಲ್ಲಿರುವ ಮನಸ್ಸು ಎರಡು ಕೆಲಸಗಳ ನಡುವೆ ಹೋಗಿಬರುತ್ತಿರುತ್ತದೆ: ಕೆಲಹೊತ್ತು ಅಗಲಿಕೆಯ ನೋವಿನೊಳಗೆ ಇಳಿಯುತ್ತದೆ, ಕೆಲಹೊತ್ತು ಹೊಸ ಬದುಕಿನ ಕೆಲಸಗಳಿಗೆ ತಿರುಗುತ್ತದೆ. ರೇಷನ್ ತರುವುದು, ಬ್ಯಾಂಕಿನ ಪಾಸ್‌ಬುಕ್ ಹೆಸರು ಬದಲಿಸುವುದು, ಎತ್ತು ಮಾರುವುದು ಈ ಎರಡನೆಯ ಬಗೆಯವು. ಎರಡೂ ಬೇಕು. ಹಗಲು ಹೊಲದಲ್ಲಿದ್ದು ರಾತ್ರಿ ಅಳುವವಳು ಸರಿಯಾದ ದಾರಿಯಲ್ಲೇ ಇದ್ದಾಳೆ. ಒಂದರಲ್ಲೇ ಸಿಕ್ಕಿಕೊಂಡಾಗ ಕಷ್ಟ. ವರ್ಷಗಟ್ಟಲೆ ಅಳುವಿನಿಂದ ಏಳಲಾಗದವರೂ ಇದ್ದಾರೆ, ಒಂದು ಹನಿಯೂ ಅಳದೆ ಕೆಲಸದಲ್ಲಿ ತಲೆಮರೆಸಿಕೊಂಡು ಒಳಗೇ ಒಣಗುವವರೂ ಇದ್ದಾರೆ.

ಸತ್ತವರನ್ನು ಮರೆತು ಮುಂದೆ ಸಾಗಬೇಕೆಂಬ ಹಳೆಯ ಸಲಹೆಯೂ ಬಿದ್ದುಹೋಗಿದೆ. 1917ರಲ್ಲಿ ಫ್ರಾಯ್ಡ್ ಶೋಕವೆಂದರೆ ಹೋದವರಿಂದ ಮನಸ್ಸನ್ನು ನಿಧಾನವಾಗಿ ಬಿಡಿಸಿಕೊಳ್ಳುವ ಕೆಲಸ ಎಂದಿದ್ದರು. 1996ರ ಹೊತ್ತಿಗೆ ಡೆನ್ನಿಸ್ ಕ್ಲಾಸ್ ಮತ್ತು ಸಂಗಡಿಗರು ಜನ ನಿಜಕ್ಕೂ ಹಾಗೆ ಮಾಡುವುದಿಲ್ಲ, ಹೋದವರೊಡನೆ ಹೊಸ ಬಗೆಯ ನಂಟು ಇಟ್ಟುಕೊಂಡೇ ಬದುಕುತ್ತಾರೆ, ಅದು ಕಾಯಿಲೆಯಲ್ಲ ಎಂದು ತೋರಿಸಿದರು. ಮಹಾಲಯ ಅಮಾವಾಸ್ಯೆಯಂದು, ತೆಲುಗರು ಪೆತ್ರಮಾಸ ಎನ್ನುವ ದಿನ, ಮುತ್ಯಾನಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುವ ಮನೆಗೆ ಇದೇನು ಹೊಸ ಸುದ್ದಿಯಲ್ಲ.

ಹೆಚ್ಚಿನವರು ಔಷಧಿಯಿಲ್ಲದೆ, ಸಮಾಲೋಚಕರಿಲ್ಲದೆ, ತಮ್ಮವರ ನಡುವೆಯೇ ಚೇತರಿಸಿಕೊಳ್ಳುತ್ತಾರೆ ಎಂಬುದು ಈ ಸಂಶೋಧನೆಗಳೆಲ್ಲದರ ಒಟ್ಟು ದನಿ. ಅಮೆರಿಕದ ಜಾರ್ಜ್ ಬೊನಾನ್ನೊ ವಿಧವೆ ವಿಧುರರನ್ನು ಸಾವಿಗೆ ಮೊದಲಿನಿಂದಲೂ ಹಿಂಬಾಲಿಸಿ ನೋಡಿದಾಗ ಅರ್ಧಕ್ಕೆ ಹತ್ತಿರದಷ್ಟು ಜನ ತೀವ್ರ ಖಿನ್ನತೆಗೆ ಬೀಳದೆಯೇ ಬದುಕು ಸಾಗಿಸಿದ್ದರು. ಇನ್ನೊಂದು ತುದಿಯಲ್ಲಿ, ಸಹಜ ಕಾರಣಗಳಿಂದ ಹತ್ತಿರದವರನ್ನು ಕಳೆದುಕೊಂಡ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ದುಃಖ ಹೆಪ್ಪುಗಟ್ಟಿ ನಿಲ್ಲುತ್ತದೆ ಎಂದು 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಯಿತು. ಈ ದೀರ್ಘಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿ ಆರು ತಿಂಗಳ ನಂತರ ಗುರುತಿಸುತ್ತದೆ; ಅಮೆರಿಕದ ಮನೋವೈದ್ಯರ ಪಟ್ಟಿ ವಯಸ್ಕರಿಗೆ ಒಂದು ವರ್ಷ ಕಾಯಿರಿ ಎನ್ನುತ್ತದೆ. ನನಗೆ ಎರಡನೆಯದೇ ನಮ್ಮ ಸೀಮೆಗೆ ಹೊಂದುತ್ತದೆ ಅನಿಸುತ್ತದೆ. ವರ್ಷದ ದಿನ ಆಗುವವರೆಗೆ ಹಬ್ಬ ಮಾಡದ, ಹೊಸ ಬಟ್ಟೆ ಉಡದ ಮನೆಯನ್ನು ಆರನೇ ತಿಂಗಳಿಗೇ ರೋಗವೆಂದು ಕರೆಯುವುದು ಸರಿಯಲ್ಲ. ಆದರೆ ವರ್ಷ ದಾಟಿದ ಮೇಲೂ ಹಾಸಿಗೆಯಿಂದ ಏಳಲಾಗದ, "ನಂದೂ ಅವರ ಜೊತೀನೇ ಮುಗದ್ಹೋಯ್ತು" ಎನ್ನುತ್ತ ಅನ್ನ ಬಿಟ್ಟವರಿಗೆ ವೈದ್ಯರು ಬೇಕು. ಸಾಯುವ ಮಾತು ಬಾಯಿಗೆ ಬಂದರಂತೂ ವರ್ಷವನ್ನಲ್ಲ, ಒಂದು ದಿನವನ್ನೂ ಕಾಯಬಾರದು.

ಗಂಡಸರ ದುಃಖ ಇನ್ನೊಂದು ದಾರಿ ಹಿಡಿಯುತ್ತದೆ. ಹಾಡಿ ಅಳುವ ಅವಕಾಶ ಅವರಿಗಿಲ್ಲ. ಮಣ್ಣು ಮಾಡಿ ಬಂದ ಸಂಜೆಯಿಂದಲೇ ಸೇಂದಿ ಅಂಗಡಿಯ ದಾರಿ ತೆರೆದಿರುತ್ತದೆ. ತೆಲಂಗಾಣದ ಕಲಬೆರಕೆ ಸೇಂದಿಯಲ್ಲಿ ಅಲ್ಪ್ರಜೋಲಂ, ಡಯಜಿಪಾಂನಂಥ ನಿದ್ದೆಯ ಔಷಧಿಗಳನ್ನು ಬೆರೆಸುತ್ತಾರೆ ಎಂಬುದು ಮತ್ತೆ ಮತ್ತೆ ಬಯಲಾಗಿದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ಕೈನಡುಕ, ಫಿಟ್ಸ್, ಭ್ರಮೆ ಹಿಡಿದವರು ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಗುಂಪುಗುಂಪಾಗಿ ಬಂದರು. ಹೆಂಡತಿ ಸತ್ತ ದುಃಖಕ್ಕೆ ಕುಡಿಯಲು ಶುರುಮಾಡಿದವನು ತನಗೆ ಗೊತ್ತಿಲ್ಲದೆಯೇ ಮಾತ್ರೆಗೆ ದಾಸನಾಗಿರುತ್ತಾನೆ. "ಕುಡದು ಮರೀಲಿ ಬಿಡ್ರಿ" ಎನ್ನುವ ಊರಿನ ಕನಿಕರ ಅವನನ್ನು ಉಳಿಸುವುದಿಲ್ಲ.

ಈ ಇಡೀ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಾವಿಗೆ ಮುಂಚಿನ ಕಾಲ. ಕೊಡಂಗಲ್ಲಿನಿಂದ ಹೈದರಾಬಾದಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಬಾಯಿಯ ಹುಣ್ಣು, ಗರ್ಭಕೋಶದ ಗಂಟು ಎಂದು ತಾಂಡೂರಿನಲ್ಲಿ ತೋರಿಸಿದವರನ್ನು ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತಾರೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ, ಅಲ್ಲಿ ಮಾತೂ ಕನ್ನಡ, ನೆಂಟರೂ ಹತ್ತಿರ. ಆದರೆ ಕೈಯಲ್ಲಿರುವುದು ತೆಲಂಗಾಣದ ಆರೋಗ್ಯಶ್ರೀ. 2007ರಲ್ಲಿ ಶುರುವಾಗಿ 2023ರ ಡಿಸೆಂಬರಿನಲ್ಲಿ ಹತ್ತು ಲಕ್ಷದವರೆಗೆ ಏರಿದ ಆ ಉಚಿತ ಚಿಕಿತ್ಸೆಯ ಯೋಜನೆ ದೊಡ್ಡ ಆಸರೆಯೇ ಹೌದು. ಬಡವರ ಮನೆ ಅದು ನಡೆಯುವ ಕಡೆಗೇ ಹೋಗಬೇಕು. ಹೀಗೆ ಜೀವನದ ಅತಿ ಕಷ್ಟದ ಮಾತನ್ನು ಕೇಳಬೇಕಾದ ಜಾಗ ಪರಭಾಷೆಯದಾಗುತ್ತದೆ.

ಈ ಕಡೆಯ ಹಿರಿಯರಿಗೆ ಸಂತೆಗೆ ಸಾಲುವಷ್ಟು ತೆಲುಗು ಬರುತ್ತದೆ, ಉರ್ದುವೂ ಬರುತ್ತದೆ. ಆದರೆ "ಜೀವ ಘಾಬರಿ ಆಗ್ತದ", "ಹೊಟ್ಯಾಗ ಹಿಂಡಿದಂಗ ಆಗ್ತದ", "ರಾತ್ರಿ ಎದಿ ಝಲ್ ಅಂತದ" ಎಂಬುದನ್ನು ಸಂತೆಯ ತೆಲುಗಿನಲ್ಲಿ ಹೇಳಲಾಗುವುದಿಲ್ಲ. ಆಗ ಮುಂದೆ ಬರುವುದು ತೆಲುಗು ಮಾಧ್ಯಮದಲ್ಲಿ ಓದಿದ ಮೊಮ್ಮಗ. ಹದಿನಾರು ಹದಿನೇಳು ವರ್ಷದ ಹುಡುಗನಿಗೆ ವೈದ್ಯರು ಹೇಳುತ್ತಾರೆ, ಕಾಯಿಲೆ ಲಿವರಿಗೂ ಹರಡಿದೆ, ಆರು ತಿಂಗಳು ಕಷ್ಟ ಎಂದು. ಅವನು ಆಯಿಯ ಕಡೆ ತಿರುಗಿ, "ಗುಳಗಿ ಕೊಡ್ತಾರಂತ, ಆರಾಮ ಆಗ್ತದಂತ" ಎನ್ನುತ್ತಾನೆ. ಅವನ ಮೇಲೆ ಹೊರಿಸಿದ ಆ ಭಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಯಿ ಸತ್ತ ಮೇಲೆ ತಾನು ಸುಳ್ಳು ಹೇಳಿದೆ ಎಂಬ ಕೊರಗು ಅವನಿಗೆ ಉಳಿಯುತ್ತದೆ.

ರೋಗಿಗೆ ನಿಜ ಹೇಳದಿರುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. "ಮುತ್ಯಾಗ ಹೇಳಬ್ಯಾಡ್ರಿ ಡಾಕ್ಟ್ರೇ, ಎದಿ ಒಡಕೋತಾನ" ಎಂದು ಮಕ್ಕಳು ಬಾಗಿಲಾಚೆ ಕೈಮುಗಿಯುತ್ತಾರೆ. ಮುತ್ಯಾನಿಗೋ ಆಸ್ಪತ್ರೆಯ ಬೋರ್ಡು, ಪಕ್ಕದ ಮಂಚದವರ ಬೋಳುತಲೆ ನೋಡಿದಾಗಲೇ ಗೊತ್ತಾಗಿರುತ್ತದೆ. ಮಕ್ಕಳು ಎದೆ ಒಡಕೊಂಡಾರು ಎಂದು ಅವನೂ ಸುಮ್ಮನಿರುತ್ತಾನೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಆಡಬೇಕಾದ ಮಾತುಗಳೆಲ್ಲ ಉಳಿದುಹೋಗುತ್ತವೆ: ಹೊಲದ ಪಾಲು, ಕೈಸಾಲ, ಕಿರಿಮಗಳ ಮದುವೆ, ಹತ್ತು ವರ್ಷ ಮಾತುಬಿಟ್ಟ ತಮ್ಮನನ್ನು ಒಮ್ಮೆ ಕರೆಸಬೇಕೆಂಬ ಆಸೆ. ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮುಂತಾದ ಮನೋವೈದ್ಯರು ಕ್ಯಾನ್ಸರ್ ರೋಗಿಗಳ ಜೊತೆ ಕೆಲಸ ಮಾಡುತ್ತ, ಕಹಿ ಸುದ್ದಿ ಹೇಳುವ ಬಗೆಯನ್ನೇ ಒಂದು ಕಲಿಯಬೇಕಾದ ಕೌಶಲವಾಗಿ ಬೆಳೆಸಿದರು. ಈ ಕೌಶಲದ ತಿರುಳು ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಿಬಿಡುವುದಲ್ಲ. ಮೊದಲು ರೋಗಿಯನ್ನೇ, "ನಿಮಗ ಏನಾಗ್ಯಾದಂತ ಅನಸ್ತದ್ರಿ?" ಎಂದು ಕೇಳಬೇಕು, ಅವರು ಎಷ್ಟು ತಿಳಿಯಲು ಬಯಸುತ್ತಾರೋ ಅಷ್ಟನ್ನೇ, ಅವರ ಭಾಷೆಯಲ್ಲಿ ಹೇಳಬೇಕು. ಗೊತ್ತಾಗುವುದೇ ಬೇಡ ಎನ್ನುವ ಹಿರಿಯರ ಹಕ್ಕನ್ನೂ ಗೌರವಿಸಬೇಕು.

ಮಾತಿಗಿಂತ ಮೊದಲು ನೋವು ಕಡಿಮೆಯಾಗಬೇಕು. ತಡೆಯಲಾಗದ ನೋವಿನಲ್ಲಿ ಹೊರಳುವವರಿಗೆ ಧೈರ್ಯ ಹೇಳುವುದು ಕ್ರೂರ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರೈಕೆಧಾಮ ತೆರೆದ ಸಿಸಿಲಿ ಸಾಂಡರ್ಸ್, ದೇಹದ ನೋವು, ಮನಸ್ಸಿನ ಕಳವಳ, ಸಂಸಾರದ ಚಿಂತೆ, ಸಾವಿನ ಮುಂದಿನ ಪ್ರಶ್ನೆಗಳು ಒಂದೇ ನೋವಿನ ಮುಖಗಳು ಎಂದರು. ಅದಕ್ಕೆ ಮದ್ದಾಗಿ ಬಾಯಿಂದ ಕೊಡುವ ಮಾರ್ಫಿನ್ನನ್ನು ಹೊತ್ತುಹೊತ್ತಿಗೆ ಕ್ರಮವಾಗಿ ಬಳಸಿದರು. ಭಾರತ ಅಫೀಮು ಬೆಳೆಯುವ ದೇಶ. ಆದರೂ 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಹತ್ತು ಹನ್ನೆರಡು ವರ್ಷಗಳಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. 2014ರ ತಿದ್ದುಪಡಿ ದಾರಿ ಸಡಿಲಿಸಿತು. ಮಾತ್ರೆ ದುಬಾರಿಯಲ್ಲ. ಅದನ್ನು ಬರೆಯಲು ತರಬೇತಿ ಪಡೆದ ವೈದ್ಯರು, ಇಟ್ಟುಕೊಳ್ಳಲು ಅನುಮತಿಯುಳ್ಳ ದವಾಖಾನೆ ಹತ್ತಿರದಲ್ಲಿರಬೇಕು, ತೊಂದರೆ ಇರುವುದು ಅಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ 5 ಕೋಟಿ 68 ಲಕ್ಷ ಜನಕ್ಕೆ ಇಂಥ ಉಪಶಮನ ಆರೈಕೆ ಬೇಕು, ಸಿಗುವುದು ಸುಮಾರು ಶೇಕಡಾ 14 ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಈ ವಿಷಯದಲ್ಲಿ ತೆಲಂಗಾಣ ಹಿಂದೆ ಬಿದ್ದಿಲ್ಲ ಎಂಬುದನ್ನು ಸಂತೋಷದಿಂದ ಬರೆಯುತ್ತೇನೆ. ಎಂ.ಎನ್.ಜೆ. ಆಸ್ಪತ್ರೆಯಲ್ಲಿ ಡಾ. ಗಾಯತ್ರಿ ಪಾಲಟ್ ಮತ್ತು ಸಂಗಡಿಗರು ಉಪಶಮನ ವಿಭಾಗವನ್ನು ಕಟ್ಟಿದರು. ಹೈದರಾಬಾದಿನ ಸ್ಪರ್ಶ್ ಆರೈಕೆಧಾಮ 2011ರಿಂದ ಕೊನೆಗಾಲದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನಮ್ಮ ದಾರಿಯಲ್ಲೇ ಬರುವ ಚೇವೆಳ್ಳದಲ್ಲಿ ಸರ್ಕಾರ ಉಪಶಮನ ಆರೈಕೆಯನ್ನು ಪ್ರಯೋಗವಾಗಿ ಆರಂಭಿಸಿ, ಆಮೇಲೆ ಜಿಲ್ಲೆಗಳಿಗೆ ವಿಸ್ತರಿಸಿತು. 'ಆಲನ' ಹೆಸರಿನ ವಾಹನದಲ್ಲಿ ನರ್ಸ್ ಮತ್ತು ಸಿಬ್ಬಂದಿ ಹಾಸಿಗೆ ಹಿಡಿದವರ ಮನೆಗೇ ಬಂದು ಹುಣ್ಣು ತೊಳೆದು, ಔಷಧಿ ಕೊಟ್ಟು, ಮನೆಯವರಿಗೆ ಹೊರಳಿಸುವುದು, ಒರೆಸುವುದು ಕಲಿಸಿ ಹೋಗುತ್ತಾರೆ. ಕರ್ನಾಟಕದಲ್ಲಿ ಕ್ಯಾನ್ಸರ್ ಸೊಸೈಟಿ ಮತ್ತು ರೋಟರಿಯವರು ಕೂಡಿ 1994ರಲ್ಲಿ ಟ್ರಸ್ಟ್ ಮಾಡಿ, 1999ರಲ್ಲಿ ಬೆಂಗಳೂರಿನಲ್ಲಿ ತೆರೆದ ಕರುಣಾಶ್ರಯ ಇದೇ ಕೆಲಸವನ್ನು ಬಹಳ ಪ್ರೀತಿಯಿಂದ ಮಾಡುತ್ತಿದೆ. ಆದರೆ ಕೊಡಂಗಲ್ಲಿಗೆ ಬೆಂಗಳೂರು ಇನ್ನೂ ದೂರ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಡತಿ, ಸೊಸೆ, ಗಂಡನ ಮನೆಯಿಂದ ಮರಳಿದ ಮಗಳು. ಎಂಟು ತಿಂಗಳು ಒಂದೇ ಸಮ ನಿದ್ದೆಗೆಟ್ಟವಳು ಕೊನೆಗೊಮ್ಮೆ, ಬೇಗ ಮುಗಿದರೆ ಸಾಕು ಎಂದು ಮನಸ್ಸಿನಲ್ಲಿ ಅಂದುಕೊಂಡಿರುತ್ತಾಳೆ. ಸಾವಾದ ಮೇಲೆ ಆ ಯೋಚನೆಯೇ ಪಾಪವಾಗಿ ಅವಳನ್ನು ತಿನ್ನುತ್ತದೆ. ಉಪಶಮನ ಆರೈಕೆಯ ನರ್ಸುಗಳು ಇದನ್ನು ಮತ್ತೆ ಮತ್ತೆ ಕೇಳಿರುತ್ತಾರೆ. "ಹಂಗ ಅನಸ್ತದ ಯಕ್ಕಾ, ಎಲ್ಲಾರಿಗೂ ಅನಸ್ತದ" ಎಂದು ಒಬ್ಬರು ಹೇಳಿದರೆ ಸಾಕು, ಭಾರ ಅರ್ಧ ಇಳಿಯುತ್ತದೆ. ಅದನ್ನು ಅವಳದೇ ಭಾಷೆಯಲ್ಲಿ ಹೇಳುವವರು ಆ ವಾಹನದಲ್ಲಿ ಇರಬೇಕು.

ಒಬ್ಬಿಬ್ಬರಲ್ಲ, ಒಂದೇ ದಿನ ಹಲವರು ಹೋದಾಗ ಮಾಡಬೇಕಾದದ್ದು ಬೇರೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತರು. ನಿಮ್ಹಾನ್ಸ್‌ನ ತಂಡ ಆ ಮನೆಗಳಿಗೆ ಹೋಗಿ ತಂದೆತಾಯಿಯರ ದುಃಖವನ್ನು ಅಧ್ಯಯನ ಮಾಡಿತು. ದೇಶದಲ್ಲಿ ದುರಂತದ ನಂತರದ ಮನಸ್ಸಿನ ಕುರಿತ ಮೊದಲ ಅಧ್ಯಯನಗಳಲ್ಲಿ ಅದೊಂದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಬೀದರ್ ಸೀಮೆಯ ನೆಲವೂ ನಡುಗಿತ್ತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತ ಆ ದುರಂತದ ನಂತರವೂ ಮನೋವೈದ್ಯರು ಹಳ್ಳಿಗಳಿಗೆ ಇಳಿದರು. ಈಚೆಗೆ, 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟಿದ್ದ ಆರ್‌ಟಿಸಿ ಬಸ್ಸಿಗೆ ಚೇವೆಳ್ಳದ ಬಳಿ ಕಂಕರು ತುಂಬಿದ ಟಿಪ್ಪರ್ ಗುದ್ದಿ ಇಪ್ಪತ್ತರ ಹತ್ತಿರ ಜನ ಪ್ರಾಣ ಬಿಟ್ಟರು. ಓದಲು ಹೋಗುತ್ತಿದ್ದ ಹುಡುಗಿಯರು, ಕೂಲಿಗೆ ಹೊರಟವರು, ಕೈಗೂಸು ಎತ್ತಿಕೊಂಡ ತಾಯಿ. ತಾಂಡೂರು ಅಂಥ ದಿನವನ್ನು ಕಂಡಿರಲಿಲ್ಲ.

ಇಂಥ ಹೊತ್ತಿನಲ್ಲಿ ಸಮಾಲೋಚಕರ ದಂಡು ಬಂದು ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಎಂದು ಕಾಕ್ರೇನ್ ಸಂಸ್ಥೆಯ ಪರಿಶೀಲನೆ 2002ರಲ್ಲೇ ತೋರಿಸಿತು. ಮೊದಲ ವಾರ ಜನರನ್ನು ಅವರ ಪಾಡಿಗೆ ಅಳಲು ಬಿಡಬೇಕು. ಶವ ಬೇಗ ಸಿಗುವಂತೆ, ಪಂಚನಾಮೆಯ ಕಾಗದ ಅಲೆಸದಂತೆ ನೋಡಿಕೊಳ್ಳಬೇಕು. ಮನಸ್ಸಿನ ತಜ್ಞರ ಸರದಿ ತಿಂಗಳುಗಳ ನಂತರ ಬರುತ್ತದೆ. ಆ ಹೊತ್ತಿಗೆ ಕ್ಯಾಮೆರಾಗಳೂ ಇರುವುದಿಲ್ಲ, ಅಧಿಕಾರಿಗಳೂ ಇರುವುದಿಲ್ಲ.

ದುಡ್ಡಿನ ಆಸರೆಯನ್ನು ಮನಸ್ಸಿನ ಆಸರೆಯಿಂದ ಬೇರೆ ಮಾಡಬಾರದು. 2018ರ ಆಗಸ್ಟಿನಿಂದ ತೆಲಂಗಾಣದಲ್ಲಿರುವ ರೈತು ಬೀಮಾ, 18ರಿಂದ 59 ವಯಸ್ಸಿನ ಪಟ್ಟಾದಾರ ರೈತರು ಯಾವ ಕಾರಣಕ್ಕೆ ತೀರಿಕೊಂಡರೂ ಮನೆಯವರಿಗೆ ಐದು ಲಕ್ಷ ಕೊಡುತ್ತದೆ, ಅದೂ ಹತ್ತು ದಿನಗಳೊಳಗೆ ಕೊಡುವ ಗುರಿಯಿಟ್ಟುಕೊಂಡು. ವಿಧವೆಯೊಬ್ಬಳು ಸಾಲಗಾರರ ಮುಂದೆ ತಲೆತಗ್ಗಿಸದೆ ಅಳಲು ಸಾಧ್ಯವಾಗುವುದು ಇಂಥದರಿಂದ. ಆದರೆ ಹೊಲವನ್ನು ಪಾಲಿಗೆ, ಕೌಲಿಗೆ ಮಾಡುವವರ ಹೆಸರಿನಲ್ಲಿ ಪಟ್ಟಾ ಇರುವುದಿಲ್ಲ. ನಾರಾಯಣಖೇಡಿನಿಂದ ಕಬ್ಬು ಕಡಿಯಲು ಹೋಗುವವರಿಗೂ, ಕೊಡಂಗಲ್ ತಾಂಡಾಗಳಿಂದ ಪುಣೆ ಮುಂಬಯಿಗೆ ದುಡಿಯಲು ಹೋಗುವ ಲಂಬಾಣಿಗರಿಗೂ ಈ ಆಸರೆ ಬಹುಪಾಲು ಸಿಗುವುದಿಲ್ಲ. ಅವರಲ್ಲಿ ಸಾವು ದೂರದೂರಿನಲ್ಲಿ ಆಗುತ್ತದೆ, ಆಂಬುಲೆನ್ಸಿನ ಬಾಡಿಗೆಗೇ ಸಾಲ ಮಾಡಿ ಹೆಣ ತರುತ್ತಾರೆ. ಶೋಕದ ಮೊದಲ ದಿನವೇ ಲೆಕ್ಕದ ದಿನವೂ ಆಗುತ್ತದೆ.

ಮಕ್ಕಳ ಮಾತು ಚಿಕ್ಕದಾಗಿ ಹೇಳಿ ಮುಗಿಸುವಂಥದಲ್ಲ, ಆದರೂ ಒಂದನ್ನು ಹೇಳಲೇಬೇಕು. "ಅಪ್ಪ ಊರಿಗೆ ಹೋಗ್ಯಾನ" ಎಂದು ಹೇಳಿ ಐದಾರು ವರ್ಷದ ಮಗುವನ್ನು ದೊಡ್ಡಮ್ಮನ ಮನೆಗೆ ಸಾಗಿಸುತ್ತಾರೆ. ಮಗು ತಿಂಗಳಾನುಗಟ್ಟಲೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತದೆ, ಯಾರಾದರೂ ಊರಿಗೆ ಹೊರಟರೆ ಹೆದರುತ್ತದೆ. ಸತ್ತಿದ್ದಾರೆ, ಇನ್ನು ಬರುವುದಿಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ, ನಿನ್ನನ್ನು ನಾವು ನೋಡಿಕೊಳ್ಳುತ್ತೇವೆ, ಈ ನಾಲ್ಕು ಮಾತು ಮಗುವಿಗೆ ಬೇಕು. ಶಾಲೆಯ ಮೇಷ್ಟ್ರಿಗೂ ಮನೆಯವರು ತಿಳಿಸಬೇಕು.

ಇನ್ನು ಇರುವ ಸೌಲಭ್ಯಗಳು. ಹಳ್ಳಿಯ ದವಾಖಾನೆಯ ವೈದ್ಯರೇ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1985ರ ಸುಮಾರಿಗೆ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಮನಸ್ಸಿನ ಕಾಯಿಲೆಗಳ ಬಗ್ಗೆ ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ನೂರಾರು ಪುಸ್ತಕ ಬರೆದು, ಸಮಾಧಾನ ಕೇಂದ್ರದಲ್ಲಿ ಉಚಿತವಾಗಿ ಆಪ್ತಸಲಹೆ ಕೊಡುತ್ತ ಬಂದ ಡಾ. ಸಿ.ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಆ ಪುಸ್ತಕಗಳು ಕೊಡಂಗಲ್, ಜಹೀರಾಬಾದಿನ ಗ್ರಂಥಾಲಯಗಳ ಕಪಾಟಿನಲ್ಲಿರಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಫೋನ್ ಮಾಡಬಹುದು. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಇದೆ. ತೆಲಂಗಾಣದಲ್ಲಿದ್ದೇವೆ, ತೆಲುಗಿನಲ್ಲೇ ಮಾತಾಡಬೇಕೇನೋ ಎಂದು ಹಿಂಜರಿಯುವವರಿಗೆ ಇದು ಗೊತ್ತಾಗಬೇಕು.

ತಜ್ಞರಿಗಾಗಿ ಕಾಯದೆ ಓಣಿಯವರೇ ಏನು ಮಾಡಬಹುದು ಎಂಬುದಕ್ಕೆ ಕೇರಳ ಉತ್ತರ ಕೊಟ್ಟಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಒಂದು ಸಂಸ್ಥೆ ಕಟ್ಟಿದರು. ಅಲ್ಲಿಂದ ಬೆಳೆದ ನೆರೆಹೊರೆಯ ಜಾಲದಲ್ಲಿ ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ಸೇರಬಹುದು. ಹದಿನಾರು ಗಂಟೆಗಳ ಪಾಠ, ಜೊತೆಗೆ ನರ್ಸಿನೊಡನೆ ನಾಲ್ಕು ಸಲ ಮನೆಭೇಟಿ, ಇಷ್ಟೇ ತರಬೇತಿ. ಆಟೋ ಓಡಿಸುವವರು, ಮೀನು ಮಾರುವವರು, ವಿದ್ಯಾರ್ಥಿಗಳು ಅದರಲ್ಲಿದ್ದಾರೆ. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯಾಗಿಯೇ ಒಪ್ಪಿಕೊಂಡಿತು.

ನಮ್ಮಲ್ಲಿ ಪ್ರತಿ ಊರಿಗೂ ಒಂದು ಭಜನಾ ಮಂಡಳಿ ಇದೆ, ಸ್ವಸಹಾಯ ಸಂಘಗಳಿವೆ, ಮಸೀದಿಯ ಜಮಾತು, ಬಸವ ಜಯಂತಿಯ ಸಮಿತಿಗಳಿವೆ. ಸಾವಿನ ರಾತ್ರಿ ನಿದ್ದೆಗೆಟ್ಟು ಹಾಡುವವರಿಗೆ ಆರು ತಿಂಗಳು ಮೊದಲೇ ಆ ಮನೆಗೆ ಹೋಗಿ ರೋಗಿಯ ಪಕ್ಕ ಒಂದು ಗಂಟೆ ಕೂರಲು, ಸೊಸೆಯನ್ನು ಒಂದಿಷ್ಟು ಹೊತ್ತು ಮಲಗಲು ಬಿಡಲು ಹೇಳಿದರೆ ಬೇಡವೆನ್ನಲಾರರು. ಅವರಿಗೆ ಹದಿನಾರು ಗಂಟೆಯ ಪಾಠವನ್ನು ಕನ್ನಡದಲ್ಲಿ, ತಾಂಡೂರಿನ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡಬಹುದು. ಮಾಡಬಹುದಾದ ಎರಡನೆಯ ಕೆಲಸ ಇನ್ನೂ ಸುಲಭ. ಹಳ್ಳಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಗರ್ಭಿಣಿಯರ, ಬಾಣಂತಿಯರ ಭೇಟಿಯ ತಾರೀಖುಗಳಿರುತ್ತವೆ. ಸಾವಾದ ಮನೆಗೂ ಅಲ್ಲಿ ಒಂದು ಪುಟ ಇಡಬೇಕು: ಮೂರನೇ ತಿಂಗಳು ಒಂದು ಭೇಟಿ, ಆರನೇ ತಿಂಗಳು ಒಂದು, ವರ್ಷದ ದಿನದ ಮೊದಲ ವಾರ ಒಂದು. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಮನೆಯ ಗಂಡಸರು ಸೇಂದಿ ಅಂಗಡಿಗೆ ಎಷ್ಟು ಸಲ ಹೋಗುತ್ತಾರೆ, ಪಿಂಚಣಿಯ ಕಾಗದ ಎಲ್ಲಿ ನಿಂತಿದೆ ಎಂದು ಅವಳು ಕೇಳಿ ಬರೆದುಕೊಳ್ಳಬೇಕು. ಸತ್ತವರ ಹೆಸರು ಹಿಡಿದು ಮಾತಾಡಬೇಕು. ನೆನಪಾದೀತು ಎಂದು ಅಂಜಿ ಊರೆಲ್ಲ ಆ ಹೆಸರು ಬಿಟ್ಟಿರುತ್ತದೆ. ವಿಕಾರಾಬಾದ್ ಮತ್ತು ಸಂಗಾರೆಡ್ಡಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಇದಕ್ಕಾಗಿ ಹೊಸ ಕಟ್ಟಡ ಕಟ್ಟಬೇಕಿಲ್ಲ, ಹೊಸ ಹುದ್ದೆ ಕೇಳಬೇಕಿಲ್ಲ. ಗಡಿಯ ಮಂಡಲಗಳಲ್ಲಿ ಆ ಪುಟವನ್ನು ತೆಲುಗಿನ ಜೊತೆ ಕನ್ನಡದಲ್ಲೂ ಅಚ್ಚು ಹಾಕಿಸಬೇಕು.